ಮಗು ಹಿಡಿದ ಕೈಗೆ ಒಂದು ಸೀರೆ

ಹೋಟೆಲಾಗಲಿ, ಆಸ್ಪತ್ರೆಯಾಗಲಿ, ಆರಿಸುವ ವಿಷಯದಲ್ಲಿ ನನ್ನದು ಒಂದೇ ಸಿದ್ಧಾಂತ. ಎಲ್ಲಿ ರಶ್ ಇದೆಯೋ ಅಲ್ಲಿ ಚೆನ್ನಾಗಿರುತ್ತದೆ. ಖಾಲಿ ಹೊಡೆಯುವ ದರ್ಶಿನಿಯಲ್ಲಿ ಯಾರಾದರೂ ಇಡ್ಲಿ ತಿನ್ನುತ್ತಾರೆಯೇ? ಹಾಗಾಗಿ ನಾನು ಬಸುರಿ ಎಂದು ಗೊತ್ತಾದಾಗ ಡಾಕ್ಟರನ್ನು ಹುಡುಕುವ ಕಷ್ಟವೇ ಬೀಳಲಿಲ್ಲ. ಜೆ.ಪಿ. ನಗರದ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಒಂದು ಹೆರಿಗೆ ಆಸ್ಪತ್ರೆ ಇದೆ. ಅಲ್ಲಿನ ದೊಡ್ಡ ಡಾಕ್ಟರಮ್ಮನನ್ನು ನೋಡಲು ಬಂದವರ ಚಪ್ಪಲಿಗಳು ಗೇಟಿನವರೆಗೆ ಹರಡಿರುತ್ತವೆ. ಅಷ್ಟು ಚಪ್ಪಲಿ ನೋಡಿದ ಮೇಲೆ ಬೇರೆ ವಿಚಾರಣೆ ಯಾಕೆ! ನನ್ನ ಗಂಡ ಪ್ರಸನ್ನ ಮಾತ್ರ, ಇನ್ನೊಬ್ಬರನ್ನೂ ನೋಡಿ ತೀರ್ಮಾನ ಮಾಡೋಣ ಎಂದರು.

"ರೀ, ಹಾಗಾದ್ರೆ ಇಷ್ಟು ಜನಾನೂ ಹುಚ್ಚರಾ?" ಎಂದೆ.

ಒಳಗಿನ ವ್ಯವಸ್ಥೆ ನೋಡಿ ನಾನು ಬೆರಗಾದೆ. ಡಾಕ್ಟರಮ್ಮ ಒಂದೇ ಸಲಕ್ಕೆ ಮೂವರನ್ನು ನೋಡುತ್ತಿದ್ದರು. ಒಬ್ಬಳು ಸ್ಟೂಲಿನ ಮೇಲೆ, ಒಬ್ಬಳು ಪರದೆಯ ಹಿಂದಿನ ಮಂಚದ ಮೇಲೆ, ಮತ್ತೊಬ್ಬಳು ಬಾಗಿಲ ಬಳಿ ತಯಾರಾಗಿ ನಿಂತು. ಡಾಕ್ಟರಮ್ಮನ ಕೈ ಮಂಚದವಳ ಹೊಟ್ಟೆಯ ಮೇಲೆ, ಕಿವಿ ಫೋನಿನಲ್ಲಿ, ಕಣ್ಣು ಕಂಪ್ಯೂಟರಿನಲ್ಲಿ. ಪ್ರಶ್ನೆ ಯಾರಿಗೆ ಎಂಬುದು ಮಾತ್ರ ಆ ದೇವರಿಗೇ ಗೊತ್ತು. ಮೊದಲ ದಿನ "ಊಟ ಸೇರುತ್ತಾ?" ಎಂದು ಕೇಳಿದರು. ಸ್ಟೂಲಿನ ಮೇಲಿದ್ದ ನಾನು ನುಚ್ಚಿನುಂಡೆಯ ಮೇಲೆ ನನಗೆ ಹುಟ್ಟಿರುವ ಆಸೆಯನ್ನು ಮಜ್ಜಿಗೆಹುಳಿ ಸಮೇತ ವಿವರಿಸಿದೆ. ಪರದೆಯ ಹಿಂದಿನಿಂದ ಸಣ್ಣ ಧ್ವನಿಯೊಂದು "ಇಲ್ಲ ಮೇಡಂ, ಎಲ್ಲಾ ವಾಂತಿ ಆಗುತ್ತೆ" ಎಂದಿತು. ನನ್ನನ್ನು ಕೇಳಿರಲೇ ಇಲ್ಲ.

ಅಂದಿನಿಂದ ಹೆಸರು ಹಿಡಿದು ಕರೆದರೆ ಮಾತ್ರ ಬಾಯಿ ಬಿಡಬೇಕೆಂದು ತೀರ್ಮಾನಿಸಿದೆ. ಅವರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಹೆಸರೂ "ನೆಕ್ಸ್ಟ್".

ನನಗೋ ಕೇಳಲು ಒಂದು ಮಾತಿತ್ತು. ಹೆರಿಗೆಯೆಂದರೆ ನನಗೆ ವಿಪರೀತ ಭಯ. ಆ ಹೊತ್ತಿನಲ್ಲಿ ನೀವು ಪಕ್ಕದಲ್ಲಿ ಇರುತ್ತೀರಾ ಎಂದು ಕೇಳಬೇಕಿತ್ತು, ಅಷ್ಟೇ. ಪ್ರತಿ ಸಲ ಆ ಪ್ರಶ್ನೆ ಹೊತ್ತುಕೊಂಡು ಹೋಗಿ, ಹಾಗೇ ಹೊತ್ತುಕೊಂಡು ವಾಪಸ್ಸು ಬರುತ್ತಿದ್ದೆ. ಕೊನೆಗೆ ಮನೆಯಲ್ಲಿ ಅಭ್ಯಾಸ ಶುರುವಾಯಿತು. ಪ್ರಸನ್ನ ಡಾಕ್ಟರಾಗಿ ಮೊಬೈಲ್ ನೋಡುತ್ತ ಕೂರುವುದು, ನಾನು ಸ್ಟೂಲಿನ ಮೇಲೆ ಕೂತು ಥಟ್ಟನೆ ಕೇಳುವುದು. ಮೊಬೈಲ್ ನೋಡುತ್ತ ಹೆಂಡತಿಯ ಮಾತು ಕೇಳಿಸಿಕೊಳ್ಳದಿರುವ ಪಾತ್ರಕ್ಕೆ ಅವರಿಗೆ ಯಾವ ಅಭ್ಯಾಸವೂ ಬೇಕಾಗಲಿಲ್ಲ.

ಶ್ರಮ ವ್ಯರ್ಥವಾಗಲಿಲ್ಲ. ಮುಂದಿನ ಭೇಟಿಯಲ್ಲಿ ಒಂದೇ ಉಸಿರಿಗೆ ಕೇಳಿಯೇ ಬಿಟ್ಟೆ. ಡಾಕ್ಟರಮ್ಮ ಕಂಪ್ಯೂಟರಿಗೆ ಹೇಳಿದರು, "ಎಲ್ಲಾ ನಾರ್ಮಲ್. ನಾನಿದ್ದೀನಲ್ಲ. ನೆಕ್ಸ್ಟ್."

ನಾನಿದ್ದೀನಲ್ಲ! ಆ ಮಾತಿನ ಖುಷಿಗೆ ದಾರಿಯಲ್ಲಿ ಮಸಾಲೆ ದೋಸೆ ತಿಂದೆ.

ಹೊಟ್ಟೆನೋವು ಶುರುವಾದದ್ದು ಮಟಮಟ ಮಧ್ಯಾಹ್ನ, ಅನ್ನಕ್ಕೆ ಸಾರು ಬಡಿಸಿಕೊಳ್ಳುವಾಗ. ಆಸ್ಪತ್ರೆಗೆ ಹೋದರೆ ಡಾಕ್ಟರಮ್ಮ ಇರಲಿಲ್ಲ. ತಾಯಂದಿರ ಆರೈಕೆ ಎಂಬ ವಿಷಯದ ಮೇಲೆ ಎಲ್ಲೋ ಭಾಷಣ ಮಾಡಲು ಹೋಗಿದ್ದರು. ಭಾಷಣ ಮುಗಿದಿದೆ, ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿದ್ದಾರೆ ಎಂದು ನರ್ಸ್ ಸಮಾಧಾನ ಹೇಳಿದರು. ಆ ರಸ್ತೆ ಎಂಥದ್ದೆಂದು ನನಗೆ ಗೊತ್ತು, ನನ್ನ ಹೊಟ್ಟೆಯಲ್ಲಿದ್ದ ಮಗುವಿಗೆ ಗೊತ್ತಿರಲಿಲ್ಲ. ಬಂದವರು ಡ್ಯೂಟಿ ಡಾಕ್ಟರ್. ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದ ಚಿಕ್ಕ ವಯಸ್ಸಿನ ಹುಡುಗಿ. ನಾನು ಅತ್ಯಂತ ಸ್ಪಷ್ಟವಾದ ಶಬ್ದಗಳಲ್ಲಿ ನೀವು ಬೇಡ, ದೊಡ್ಡ ಡಾಕ್ಟರೇ ಬೇಕು ಎಂದು ಘೋಷಿಸಿದೆ. ಆ ಹುಡುಗಿ ನನ್ನ ಕೈ ಹಿಡಿದುಕೊಂಡು, "ಕೂಗಬೇಕು ಅನ್ಸಿದ್ರೆ ಕೂಗಿ, ಇಲ್ಲಿ ಯಾರಿಗೂ ಬೇಜಾರಿಲ್ಲ" ಎಂದಿತು. ಕೂಗಿದೆ. ಮಗಳು ಹುಟ್ಟಿದಳು.

ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಬಂದರು. ಫೋನ್ ನೋಡುತ್ತಲೇ ನನ್ನ ಕೆನ್ನೆ ತಟ್ಟಿ, ನಾರ್ಮಲ್ ಆಗುತ್ತೆ ಅಂತ ಹೇಳಿರಲಿಲ್ವಾ ಎಂದು ಹೊರಗೆ ನಡೆದರು. ಆ ಬಾಗಿಲಾಚೆ ನನ್ನ ಅತ್ತೆ ಕಾಯುತ್ತಿದ್ದರು. ಹೆರಿಗೆ ಕೋಣೆಯಿಂದ ಹೊರಬಂದ ಡಾಕ್ಟರನ್ನು ಕಂಡರೆ ಯಾರು ತಾನೇ ಏನೆಂದುಕೊಳ್ಳುತ್ತಾರೆ? ಅತ್ತೆ ಕೈಮುಗಿದರು. ಡಾಕ್ಟರಮ್ಮ ಆ ನಮಸ್ಕಾರವನ್ನು ಸ್ವೀಕರಿಸಿದರು.

ನನ್ನ ಅಮ್ಮನಿಗೆ ಮಂಡಿ ಆಪರೇಷನ್ ಆಗಿದ್ದರಿಂದ ಬಾಣಂತನವೂ ಅತ್ತೆಯ ಪಾಲಿಗೇ ಬಂತು. ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಸಾರು, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ನನಗೆ ಅಳು. ಹಾಲು ಉಕ್ಕಿದರೆ ಅಳು, ಮಗು ನಿದ್ದೆ ಮಾಡದಿದ್ದರೆ ಅಳು, ಮಾಡಿದರೂ ಅಳು. ಒಂದು ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ನಮ್ಮ ಕಸ ಬಿಟ್ಟು ಮುಂದೆ ಹೋಯಿತೆಂದು, ಬಕೆಟ್ ಹಿಡಿದು ಗೇಟಿನಲ್ಲೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಎದುರು ಮನೆಯವರು ಪಾಪ, ತಮ್ಮ ಕಸದ ಜೊತೆ ನಮ್ಮದನ್ನೂ ಕೊಡುತ್ತೇವೆಂದರು. ಅದಕ್ಕೂ ಅಳು ಬಂತು. ನಿಜ ಹೇಳಬೇಕೆಂದರೆ ನನಗೆ ಏನೋ ಆಗಿಹೋಗಿದೆ ಎಂದು ಒಳಗೇ ಹೆದರಿದ್ದೆ. ಚೆಕಪ್‌ಗೆ ಹೋದಾಗ ಇದೊಂದನ್ನು ಕೇಳಿಯೇ ತೀರಬೇಕೆಂದುಕೊಂಡೆ.

ಚೆಕಪ್ ದಿನ ಅತ್ತೆ ಒಂದು ರೇಷ್ಮೆ ಸೀರೆ ತೆಗೆದಿಟ್ಟರು. ಅವರದು ಉತ್ತರಹಳ್ಳಿಯ ಹಳೇ ಮನೆತನ. ಅವರ ಕಾಲದಲ್ಲಿ ಹೆರಿಗೆ ಮಾಡಿಸಿದ ಸೂಲಗಿತ್ತಿಗೆ ಸೀರೆ ಕೊಟ್ಟು, ಅರಿಶಿನ ಕುಂಕುಮ ಇಟ್ಟು ಕಳಿಸುತ್ತಿದ್ದರಂತೆ.

"ಡಾಕ್ಟ್ರಾದ್ರೇನಮ್ಮ, ಮಗು ಹಿಡಿದ ಕೈ ತಾನೆ?" ಎಂದರು.

ಹಿಡಿದದ್ದು ಆ ಕೈಯಲ್ಲ ಎಂದು ನಾನು ಆಗಲೇ ಹೇಳಬೇಕಿತ್ತು. ಹೇಳಿದರೆ ಅಳು ಬರುತ್ತದೆಂದು ಹೇಳಲಿಲ್ಲ. ಅತ್ತೆಯನ್ನೂ ಮಗುವನ್ನೂ ಹೊರಗೆ ಕೂರಿಸಿ, ಸೀರೆಯ ತಟ್ಟೆ ಹಿಡಿದು ಒಳಗೆ ಹೋದೆ. ಡಾಕ್ಟರಮ್ಮ ತಲೆಯೆತ್ತದೆ ತಟ್ಟೆಯನ್ನು ಮಾತ್ರ ನೋಡಿದರು.

"ಓ, ಸೀಮಂತ ಆಯ್ತಾ? ಥ್ಯಾಂಕ್ಸ್ ಅಮ್ಮ. ಹೋಗಿ ಮಲಕ್ಕೊಳ್ಳಿ."

ಈಗ ಬುದ್ಧಿಯಿರುವ ಹೆಂಗಸು ಏನು ಮಾಡುತ್ತಾಳೆ? ನಾನು ಹೋಗಿ ಮಲಗಿದೆ. ಅಷ್ಟು ತಿಂಗಳ ಶಿಸ್ತು, ದೇಹ ತಾನಾಗಿಯೇ ಮಂಚ ಹತ್ತಿತು. ಬಾಣಂತಿಯ ಹೊಟ್ಟೆ ಬೇರೆ, ಇನ್ನೂ ಇಳಿದಿರಲಿಲ್ಲ. ಡಾಕ್ಟರಮ್ಮ ಫೋನಿನಲ್ಲಿ ಮಾತಾಡುತ್ತಲೇ ಬಂದು ಅದರ ಮೇಲೆ ಕೈಯಿಟ್ಟರು. ಬೆಳವಣಿಗೆ ಚೆನ್ನಾಗಿದೆಯಂತೆ. ಇನ್ನೂ ಟೈಮ್ ಇದೆಯಂತೆ. ಎಡಗಡೆ ಮಗ್ಗುಲಾಗಿ ಮಲಗಬೇಕಂತೆ. ನಾನು "ಸರಿ ಮೇಡಂ" ಎಂದೆ!

ಅಷ್ಟರಲ್ಲಿ ಹೊರಗಿನಿಂದ ಮಗು ಅಳುವ ಸದ್ದು. ಯಾರಮ್ಮ ಅದು, ಮಗೂನ ಆಚೆ ಕರ್ಕೊಂಡು ಹೋಗಿ ಎಂದು ಡಾಕ್ಟರಮ್ಮ ರೇಗಿದರು.

"ಅದು ನಂದೇ ಮೇಡಂ," ಎಂದೆ.

ಡಾಕ್ಟರಮ್ಮ ಮೊದಲ ಬಾರಿಗೆ ನನ್ನ ಮುಖ ನೋಡಿದರು. ಆಮೇಲೆ ಹೊಟ್ಟೆ ನೋಡಿದರು.

"ಹಾಗಾದ್ರೆ ಇದು ಎರಡನೇದಾ?"

ನಾನು ಏನೂ ಕೇಳಲಿಲ್ಲ. ಸೀರೆ ಸರಿಮಾಡಿಕೊಂಡು ಹೊರಗೆ ಬಂದೆ. ಕೊಟ್ಟ ಸೀರೆ ಒಳಗೇ ಉಳಿಯಿತು.

ಕಾರಿಡಾರಿನಲ್ಲಿ ಯಾರೋ ಹುಡುಗಿ ಅತ್ತೆಯ ಮಡಿಲಿನಲ್ಲಿದ್ದ ನನ್ನ ಮಗಳ ಕಾಲಿನ ಬೆರಳು ಮುಟ್ಟಿ ಮಾತಾಡಿಸುತ್ತಿತ್ತು. ನನ್ನನ್ನು ಕಂಡು ನಕ್ಕಿತು. ಮುಖ ಗೊತ್ತಾಗಲಿಲ್ಲ, ಕಣ್ಣು ಗೊತ್ತಾಯಿತು.

"ಪಾಪು ಚೆನ್ನಾಗಿದ್ದಾಳೆ," ಎಂದಿತು. "ನೀವು ಹೇಗಿದ್ದೀರಾ?"

ಮಗು ಹುಟ್ಟಿದಾಗಿನಿಂದ ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ. ಕಸದ ಗಾಡಿಯ ಕಥೆಯನ್ನೂ ಹೇಳಿದೆ. ಆಕೆ ನಗಲಿಲ್ಲ. ತುಂಬಾ ಜನ ತಾಯಂದಿರಿಗೆ ಹೀಗಾಗುತ್ತದೆ, ಇದು ನಿಮ್ಮ ತಪ್ಪಲ್ಲ, ಆದರೆ ಇಷ್ಟು ವಾರವಾದರೂ ಹೋಗಿಲ್ಲವೆಂದರೆ ಹಾಗೇ ಬಿಡುವುದೂ ಬೇಡ ಎಂದರು. ಅರೆಕೆರೆಯಲ್ಲಿ ಸಂಜೆ ಹೊತ್ತು ತಮ್ಮದೇ ಸಣ್ಣ ಕ್ಲಿನಿಕ್ ಶುರುಮಾಡಿದ್ದರಂತೆ. ಮನೆಯವರನ್ನು ಕರೆದುಕೊಂಡು ಬನ್ನಿ, ನಿಧಾನವಾಗಿ ಮಾತಾಡೋಣ ಎಂದರು. ಎದೆಯ ಮೇಲಿಂದ ಯಾರೋ ಒಳಕಲ್ಲು ಇಳಿಸಿದ ಹಾಗಾಯಿತು.

ಅವರು ಹೋದ ಮೇಲೆ ಅತ್ತೆಗೆ ನಿಜ ಹೇಳಿದೆ. ಮಗು ಹಿಡಿದದ್ದು ಇವರೇ ಎಂದೆ. ಅತ್ತೆ ಸೀರೆ ಹೋದ ಬಾಗಿಲಿನತ್ತ ಕೈ ತೋರಿಸಿದರು.

"ಹಂಗಾದ್ರೆ ಅವರು ಯಾರು?"

ಆ ವಾರವೇ ಇನ್ನೊಂದು ಸೀರೆಯೊಂದಿಗೆ ಎಲ್ಲರೂ ಅರೆಕೆರೆಗೆ ಹೋದೆವು. ಸೀರೆಯ ಕವರು ನನ್ನ ಕೈಯಲ್ಲಿತ್ತು. ಪುಟ್ಟ ಕ್ಲಿನಿಕ್ಕು, ಸಾಲಾಗಿ ಖಾಲಿ ಕುರ್ಚಿಗಳು. ಹೊರಗೆ ಚಪ್ಪಲಿ ಬಿಟ್ಟವರು ನಾವೇ. ನನ್ನನ್ನು ಅಂಥ ಹೊತ್ತಿನಲ್ಲಿ ದಡ ಸೇರಿಸಿದ ಡಾಕ್ಟರು ಗಾಜಿನ ಬಾಗಿಲಾಚೆ ಕಾಣುತ್ತಿದ್ದರು. ನಾನು ಪ್ರಸನ್ನನ ಕಿವಿಯಲ್ಲಿ ಪಿಸುಗುಟ್ಟಿದೆ.

"ರೀ, ಇಲ್ಲಿ ಯಾರೂ ಇಲ್ವಲ್ಲ. ಇವರು ಚೆನ್ನಾಗಿ ನೋಡ್ತಾರೋ ಇಲ್ವೋ?"

ಅತ್ತೆ ಮಗುವನ್ನು ಪ್ರಸನ್ನನ ಕೈಗೆ ಕೊಟ್ಟು, ಸೀರೆಯ ಕವರನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಇದು ನನ್ನ ಹತ್ರ ಇರ್ಲಿ ಕಣಮ್ಮ. ನಿನ್ನ ಕೈಲಿದ್ರೆ ಎಲ್ಲಿ ರಶ್ ಇದೆಯೋ ಅಲ್ಲಿ ಕೊಟ್ಟು ಬರ್ತೀಯ."