ನಾನು ಕಡಿಯಲಾಗದೆ ಹೋದ ಧೂಪದ ಮರದ ಕುರಿತು ಒಂದು ದೂರು

ಮೂಡಿಗೆರೆ ರಸ್ತೆಯಲ್ಲಿ ಕಾಡುಮರಗಳ ನರ್ಸರಿಯನ್ನೂ ಅದಕ್ಕೊಂದು ಪ್ರದರ್ಶನ ತೋಟವನ್ನೂ ನಡೆಸುತ್ತಿರುವ ಶ್ರೀಮತಿ ರುಕ್ಮಿಣಮ್ಮನವರಿಗೆ,

ಮಾನ್ಯರೇ,

ತಮಗೂ, ತಮ್ಮ ನಂದಿ, ಹೊನ್ನೆ, ರಂಜದ ಸಸಿಗಳಿಗೂ ಗೋಣಿಬೀಡಿನ ಈ ಬಡ ಬೆಳೆಗಾರನ ಅನಂತ ನಮಸ್ಕಾರಗಳು.

ಎರಡು ವರ್ಷಗಳ ಹಿಂದೆ, ಕಾಫಿ ಒಣಗಿಸುವ ಕಣಕ್ಕೆ ಬಿಸಿಲೇ ಬೀಳಗೊಡದ ನಮ್ಮ ಧೂಪದ ಮರವನ್ನು ಕಡಿಸಲು ನಾನು ಅರಣ್ಯ ಇಲಾಖೆಯ ಅನುಮತಿ ಪಡೆದು, ಗರಗಸದವರನ್ನೂ ಕರೆಸಿದ್ದೆ. ಆಗ ತಾವು ಬುಟ್ಟಿ ಹಿಡಿದು ಬಂದು, ಈ ಜಾತಿಯ ಬೀಜ ಸುತ್ತಮುತ್ತ ಎಲ್ಲೂ ಸಿಗುತ್ತಿಲ್ಲವೆಂದು ತಿಳಿಸಿ, "ಕಾಯಿ ಇನ್ನೂ ಬಲ್ತಿಲ್ಲ ಮಾರಾಯ್ರೆ, ಹದ್ನೈದು ದಿನ ತಡೀರಿ" ಎಂದಿರಿ. ತಡೆದೆ. ಕಾಯಿ ಬಲಿಯುವಷ್ಟರಲ್ಲಿ ಮಳೆ ಹಿಡಿಯಿತು; ತಾವು ಬುಟ್ಟಿ ತುಂಬಿಕೊಂಡು ಹೋದಿರಿ, ಮರ ಸಾಗಿಸುವ ಲಾರಿ ಮಾತ್ರ ಕೆಸರಿಗೆ ಹೆದರಿ ಬರಲೇ ಇಲ್ಲ.

ಮರುವರ್ಷ ಗರಗಸದವರು ಬಂದ ದಿನವೇ ತಾವೂ ಬಂದು, ಮರದ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿ ಮೊಟ್ಟೆಯಿಡಲು ಒಳಸೇರಿ, ಕೊಕ್ಕು ತೂರುವಷ್ಟೇ ಸಂದು ಬಿಟ್ಟು ಬಾಗಿಲು ಮೆತ್ತಿಕೊಂಡಿರುವುದನ್ನು ನನಗಲ್ಲ, ನನ್ನ ತಾಯಿ ಶಂಕರಮ್ಮನವರಿಗೆ ತೋರಿಸಿ, "ಒಳಗೆ ಬಾಣಂತಿ ಇದಾಳೆ ನೋಡಿ" ಎಂದದ್ದು ಯಾವ ನ್ಯಾಯ? ಅಮ್ಮ ನನ್ನ ಕಡೆ ತಿರುಗಿ, "ಬಾಣಂತಿ ಮನೆ ಮುರಿದ್ರೆ ಇವತ್ತಿಂದ ನಂಗೆ ಊಟ ಬೇಡ" ಎಂದರು. ಗರಗಸದವರು ನಮ್ಮಲ್ಲೇ ಕಡುಬು ತಿಂದು ವಾಪಸು ಹೋದರು. ಅನುಮತಿ ಪತ್ರದ ಅವಧಿಯೂ ಮುಗಿಯಿತು.

ಆಮೇಲೆ ಎರಡು ತಿಂಗಳು ಗಂಡುಹಕ್ಕಿ ಒಳಗಿದ್ದವಳಿಗೆ ಹಣ್ಣು ಹೊತ್ತು ತರುವುದನ್ನು ಕಾಯುವುದೇ ನನ್ನ ಉದ್ಯೋಗವಾಯಿತು. ಅದು ಒಂದು ದಿನ ತಡವಾಗಿ ಬಂದದ್ದಕ್ಕೆ ನಾನು ಮಧ್ಯಾಹ್ನದ ಊಟ ಮರೆತೆ. ಮರಿ ಹೊರಬಿದ್ದು ಮೊದಲ ಸಲ ರೆಕ್ಕೆ ಬಡಿದ ಬೆಳಿಗ್ಗೆ, ತೋಟದಾಳುಗಳ ಎದುರಿಗೇ ಚಪ್ಪಾಳೆ ತಟ್ಟಿದೆ. ಮೇಸ್ತ್ರಿಯ ಮುಂದೆ ನನ್ನ ಗಾಂಭೀರ್ಯ ಇಂದಿಗೂ ಮರಳಿಲ್ಲ. ಕಣವನ್ನು ಮನೆಯ ಹಿಂಬದಿಗೆ ಸಾಗಿಸಿದ್ದಾಯಿತು.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ತಾವು ಆ ಬೀಜದ ಸಸಿಯೊಂದನ್ನು ಪ್ರದರ್ಶನ ತೋಟದ ಬಾಗಿಲಲ್ಲೇ ನೆಟ್ಟು, "ತಾಯಿಮರ: ಗೋಣಿಬೀಡಿನ ಪ್ರಸನ್ನಕುಮಾರ್ ಅವರು ಪ್ರೀತಿಯಿಂದ ಉಳಿಸಿದ್ದು" ಎಂದು ಬೋರ್ಡು ಹಾಕಿದ್ದೀರಿ. ಅದನ್ನೋದಿ ಜೀಪಿನಲ್ಲಿ ಬರುವ ಕಾಲೇಜು ಮಕ್ಕಳು ನನ್ನ ಕಾಲಿಗೆ ಬೀಳುತ್ತಿದ್ದಾರೆ. ಹೋದ ವಾರ ಪರಿಸರದ ಬಗ್ಗೆ ನನ್ನಿಂದ ಭಾಷಣವನ್ನೂ ಮಾಡಿಸಿದರು. ಆದಕಾರಣ "ಪ್ರೀತಿಯಿಂದ" ಎಂಬಲ್ಲಿ "ಬೇರೆ ದಾರಿಯಿಲ್ಲದೆ" ಎಂದು ತಿದ್ದಿಸಬೇಕಾಗಿಯೂ, ಮಂಗಟ್ಟೆ ದಂಪತಿಗಳು ಮುಂದಿನ ಸಂಸಾರಕ್ಕೆ ನನ್ನ ಲಿಖಿತ ಒಪ್ಪಿಗೆ ಪಡೆಯುವಂತೆ ತಾವೇ ತಿಳಿಹೇಳಬೇಕಾಗಿಯೂ ಸವಿನಯವಾಗಿ ಕೋರುತ್ತೇನೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಪ್ರಸನ್ನಕುಮಾರ್

ತಾಜಾ ಕಲಂ: ಪಕ್ಕದ ತೋಟದ ದೇವರಾಜರು ಬೇಲಿಯಂಚಿನ ದೊಡ್ಡ ಹೊನ್ನೆ ಮರಕ್ಕೆ ಗಿರಾಕಿ ಹುಡುಕುತ್ತಿದ್ದಾರೆ. ನಾಳೆ ಬೆಳಿಗ್ಗೆಯೇ ಬುಟ್ಟಿ ಹಿಡಿದು ಹೋಗಿ. ನಾನು ಹೇಳಿದೆನೆಂದು ಮಾತ್ರ ಬಾಯಿ ಬಿಡಬೇಡಿ. ಅವರ ತಾಯಿ ಇನ್ನೂ ಗಟ್ಟಿಯಾಗಿದ್ದಾರೆ, ಮೊದಲು ಅವರನ್ನೇ ಮಾತಾಡಿಸಿ.