ದೇಶದ ಬೆಳವಣಿಗೆಗೆ ಬೆಲ್ಟ್ ಹಾಕುವ ನನ್ನ ತಂಗಿ

ಸೋಮವಾರ, ಬೆಳಗ್ಗೆ ಹತ್ತು ಗಂಟೆ, ಮುದನಾಳದ ಬೇಳೆ ಗಿರಣಿ. ಹಾಜರಿದ್ದವರು: ಗಿರಣಿಯ ಒಡತಿ, ಅಂದರೆ ನನ್ನ ತಂಗಿ, ಸುರಪುರದಲ್ಲಿ ಹೆಡ್‌ಮಾಸ್ತರನಾಗಿ ನಿವೃತ್ತನಾದ ನಾನು, ಯಾದಗಿರಿಯಿಂದ ತನಿಖೆಗೆ ಬಂದ ಸಾಹೇಬರು. ಗೈರುಹಾಜರು: ಕರೆಂಟು!

ದೇಶದ ಆರ್ಥಿಕ ಬೆಳವಣಿಗೆ ಎಲ್ಲಿಂದ ಶುರುವಾಗುತ್ತದೆ ಎಂದು ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದ್ದಾರಲ್ಲ? ನನ್ನ ತಂಗಿಯನ್ನು ಕೇಳಬಾರದೆ! ಅವಳು ಗಿರಣಿಗೆ ಬೆಲ್ಟ್ ಹಾಕಿದಾಗ ಶುರು, ಬಿಚ್ಚಿದಾಗ ಬಂದ್. ಬಜೆಟ್ ದಿನ ಟಿ.ವಿ. ಮುಂದೆ ಕುಳಿತು ಮಂತ್ರಿಗಳನ್ನೇ ಗದರುತ್ತಾಳೆ: "ತೊಗರಿ ಸುದ್ದಿ ಯಾವಾಗ ಹೇಳ್ತೀರಿ? ಇಲ್ಲಿ ಗಿರಾಕಿ ಕಾಯಾಕತ್ತಾರ!" ಸರಕಾರದ ಬಗ್ಗೆ ಅವಳ ಸಿದ್ಧಾಂತ ಒಂದೇ: "ಸರಕಾರ ಅಂದ್ರ ಅಳಿಯ ಇದ್ದಂಗ. ಕರದಾಗ ಬರಂಗಿಲ್ಲ, ಬಂದಾಗ ಉಪಚಾರ ತಪ್ಪಂಗಿಲ್ಲ."

ಆ ದಿನ ಅಳಿಯ ಬಂದಿದ್ದ. ಗಿರಣಿ ನಡೆಯುವುದನ್ನು ಕಣ್ಣಾರೆ ಕಂಡು ಸಾಹೇಬರು ಸಹಿ ಹಾಕಿದರೆ ಹೊಸ ಯಂತ್ರಕ್ಕೆ ಸರಕಾರದ ಸಬ್ಸಿಡಿ. ಇಲ್ಲವಾದರೆ ಆ ಯಂತ್ರ, ಮಾರಿದವನ ಅಂಗಡಿಗೇ ವಾಪಸ್.

"ಗಿರಣಿ ನಿಂತದ ಅಂತ ಬರೀಬೇಕಾಗ್ತದ್ರಿ ಅಮ್ಮಾರ" ಎಂದರು ಸಾಹೇಬರು.

"ಕರೆಂಟ್ ಕೊಡಾವ್ರು ಯಾರ್ರಿ?"

"ಸರಕಾರ."

"ಗಿರಣಿ ನೋಡಾಕ ಬಂದವ್ರು?"

"ಸರಕಾರ."

"ಹಂಗಾರ ನೀವ್ ನೀವ ಮಾತಾಡಿ ಬಗೀಹರಿಸ್ಕೋರಿ. ಅಲ್ಲಿತನಕ ಬ್ಯಾಳಿ ಉಣ್ರಿ."

"ಉಂಡ್ರ ಲಂಚ ಆಗ್ತದ್ರಿ!"

"ಬೇಯಿಸಿ ನೋಡದ ಬ್ಯಾಳಿ ತನಿಖಾ ಹೆಂಗ ಆಗ್ತದ?"

ತನಿಖೆ ಎರಡು ರೊಟ್ಟಿಯವರೆಗೆ ಕಟ್ಟುನಿಟ್ಟಾಗಿ ನಡೆಯಿತು. ಮೂರನೆಯದನ್ನು ಮುರಿಯುವಾಗ ಕರೆಂಟು ಬಂತು! ತಂಗಿ ಸೆರಗು ಕಟ್ಟಿ ಬೆಲ್ಟ್ ಹಾಕಿದಳು. ಗಿರಣಿ ಗುಡುಗಿತು, ಹಳದಿ ಬೇಳೆ ಧೋ ಎಂದು ಸುರಿಯಿತು, ದೇಶ ಮುಂದಕ್ಕೆ ಹೊರಟಿತು!

ಸಾಹೇಬರು ಪೆನ್ನು ತೆಗೆದವರು ಸಹಿ ಹಾಕದೆ ಕೈ ತಡೆದರು. "ಅರ್ಜ್ಯಾಗ ಇಬ್ಬರಿಗೆ ಉದ್ಯೋಗ ಅಂತ ಬರದೀರಿ. ಒಬ್ಬರು ನೀವು. ಇನ್ನೊಬ್ಬರು?"

ತಂಗಿಯ ಬೆರಳು ನನ್ನ ಕಡೆ ತಿರುಗಿತು.

"ನಾನ್ಯಾವಾಗ ನಿನ್ನ ನೌಕರ ಆದೆ?" ಎಂದೆ.

"ನೀ ಸುಮ್ನಿರಣ್ಣ" ಎಂದು ಸಾಹೇಬರ ಕಡೆ ತಿರುಗಿದಳು. "ರಿಟೈರ್ ಆದ ಮ್ಯಾಲ ನಮ್ಮಣ್ಣ ಗೋಡಿ ನೋಡ್ಕೋತ ಕುಂತುಬಿಟ್ಟಿದ್ದರಿ. ಊಟಾನೂ ಬಿಟ್ಟಿದ್ದ. ಹೊತ್ತಿಗೆ ಸರಿಯಾಗಿ ಹೋಗಾಕ ಇವಂಗೊಂದು ಜಾಗ ಬೇಕಾಗಿತ್ತು. ಅದಕ್ಕ ಗಿರಣಿ ಹಾಕೀನಿ."

ಅವಳಿಗೆ ಶಿಸ್ತು ಕಲಿಸಲೆಂದು ನಾನೇ ದಿನಾ ಒಂಬತ್ತಕ್ಕೆ ಗಿರಣಿಗೆ ಬರುತ್ತಿದ್ದೇನೆಂದು ಇಷ್ಟು ದಿನ ತಿಳಿದಿದ್ದೆ!

ಸಾಹೇಬರು "ಇಬ್ಬರು" ಎಂದು ಬರೆದು ಸಹಿ ಹಾಕಿದರು.

ಸಂಜೆ ಆರಕ್ಕೆ, ಶಹಾಪುರಕ್ಕೆ ಹೋಗಬೇಕಾದ ಕೊನೆಯ ಬೇಳೆ ಚೀಲದ ಬಾಯಿ ಹೊಲಿದು ಮುಗಿಸಿದೆ. ಹೊಲಿಗೆ ಸೊಟ್ಟಗಾಗಿತ್ತು. ತಂಗಿ ನೋಡಿದಳು, ನಾಳೆಯ ಖಾಲಿ ಚೀಲಗಳನ್ನೂ ನನ್ನ ಪಕ್ಕಕ್ಕೇ ತಂದಿಟ್ಟಳು.