ಕೇದಾರಿ ಜೋಡಿಸಿದ ಸ್ವಿಚ್ಚು

ಇಚಲಕರಂಜಿಯ ಬಾಳಗೊಂಡನ ಮನೆಯಲ್ಲಿ ಬಚ್ಚಲಿನ ದೀಪ ಹತ್ತಬೇಕಾದರೆ ಅಡುಗೆಮನೆಯ ಸ್ವಿಚ್ಚು ಒತ್ತಬೇಕಿತ್ತು. ಅಡುಗೆಮನೆಯ ದೀಪಕ್ಕೆ ಬಚ್ಚಲ ಬಾಗಿಲಿನದು. ಈ ಮಹಾಕಾರ್ಯ ಅವನ ಜೀವದ ಗೆಳೆಯ ಕೇದಾರಿಯದು. ಕೇದಾರಿ ಪವರ್‌ಲೂಮಿನ ಜಾಬರ್, ಕೆಟ್ಟ ಮಗ್ಗ ರಿಪೇರಿ ಮಾಡುವವನು. ಮಗ್ಗಗಳು ಅವನ ಮಾತು ಕೇಳುತ್ತಿದ್ದವು. ಬೇರೇನೂ ಕೇಳುತ್ತಿರಲಿಲ್ಲ.

"ಚಿಂತಿ ಮಾಡಬ್ಯಾಡ್ರಿ ವೈನಿ, ಎಲ್ಲಾ ಸಿಸ್ಟಿಮ್ಯಾಟಿಕಲಿ ಮಾಡತೇನಿ" ಎಂದು ಬಾಳಗೊಂಡನ ಹೆಂಡತಿ ಮಾಣಿಕಬಾಯಿಗೆ ಅಭಯವಿತ್ತು ಸ್ಟೂಲು ಹತ್ತಿದ್ದ. (ಆ ಇಂಗ್ಲಿಷ್ ಪದ ಅವನಿಗೆ ಎಲ್ಲಿ ಸಿಕ್ಕಿತ್ತೋ! ಚಹಾವನ್ನೂ ಸಿಸ್ಟಿಮ್ಯಾಟಿಕಲಿ ಕುಡಿಯುತ್ತಿದ್ದ, ಅಂಗಿಯ ಮೇಲೆ ಚೆಲ್ಲಿಕೊಂಡು.)

ಅಂದಿನಿಂದ ದಿನಾ ನಸುಕಿನಲ್ಲಿ ಬಚ್ಚಲಿಂದ ಕೂಗು: "ಏ, ಲೈಟ ಹಚ್ಚ!"

ಅಡುಗೆಮನೆಯಿಂದ ಉತ್ತರ: "ಹಚ್ಚೇನ್ರಿ! ನಿಮ್ಮ ಗೆಳ್ಯಾಗ ಬೈರಿ!"

ಗಂಡಹೆಂಡಿರು ಸೇರಿ ಕೇದಾರಿಯನ್ನು ಬೈಯದೆ ಆ ಮನೆಯಲ್ಲಿ ಬೆಳಗಾಗುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಕೇದಾರಿ ತೀರಿಕೊಂಡ. ಯಾವ ಸಿಸ್ಟಮ್ಮೂ ಇಲ್ಲದೆ, ಮಗ್ಗದ ಪಕ್ಕ ಕೂತಲ್ಲೇ.

ಮೊನ್ನೆ ಗಡಹಿಂಗ್ಲಜದಿಂದ ಬಂದ ಮಗ ಹರ್ಷದ, ಅಪ್ಪನಿಗೆ ಉಪಕಾರ ಮಾಡುತ್ತೇನೆಂದು ವಾಯರ್‌ಮನ್ ಕರೆಸಿ ಎರಡೂ ಸ್ವಿಚ್ಚು ಸರಿಮಾಡಿಸಿ ಹೋದ.

ಮರುದಿನ ಬಾಳಗೊಂಡ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದಾಗ ಮಾಣಿಕಬಾಯಿ ಅಡುಗೆಮನೆಯ ದೀಪಕ್ಕೆಂದು, ರೂಢಿಯಂತೆ, ಬಚ್ಚಲ ಬಾಗಿಲಿನ ಸ್ವಿಚ್ಚು ಒತ್ತಿದಳು. ಬಚ್ಚಲು ಕತ್ತಲಾಯಿತು.

"ಲೇ ಕೇದಾರ್ಯಾ!" ಬಾಳಗೊಂಡ ಗುಡುಗಿದ.

ಬೈದ ಮೇಲೆ ನೆನಪಾಯಿತು, ಈ ಸಲ ತಪ್ಪು ಕೇದಾರಿಯದಲ್ಲ. ಇನ್ನು ಅವನನ್ನು ಬೈಯಲು ಮನೆಯಲ್ಲಿ ಒಂದು ನೆಪವೂ ಉಳಿದಿರಲಿಲ್ಲ.

ಮಧ್ಯಾಹ್ನ ಬಾಳಗೊಂಡ ಮೇನ್ ಬಂದ್ ಮಾಡಿ ಸ್ಟೂಲು ಹತ್ತಿದ.

"ಏನ್ ಮಾಡಾಕತ್ತೀರಿ?"

"ಮೊದಲಿನಂಗ ತಪ್ಪ ಜೋಡಸ್ತೇನಿ. ಸಿಸ್ಟಿಮ್ಯಾಟಿಕಲಿ."

ತಂತಿ ಬಿಚ್ಚಿದ. ಅದಲುಬದಲು ಮಾಡಿದ. ಅನುಮಾನ ಬಂದು ಇನ್ನೊಮ್ಮೆ ಅದಲುಬದಲು ಮಾಡಿದ. ಮೇನ್ ಹಾಕಿ ನೋಡಿದರೆ, ಅಡುಗೆಮನೆಯ ಸ್ವಿಚ್ಚಿಗೆ ಅಡುಗೆಮನೆಯ ದೀಪವೇ ಝಗ್ಗೆಂದು ಹತ್ತಿತು.

"ತಪ್ಪ ಮಾಡಾಕೂ ಬರೂದಿಲ್ಲೇನ್ರಿ ನಿಮಗ?" ಎನ್ನುತ್ತ ಮಾಣಿಕಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅದಕ್ಕ ಅವನೇ ಬೇಕಾಗಿತ್ತ" ಎಂದ ಬಾಳಗೊಂಡ, ಸ್ಟೂಲಿನಿಂದ ಇಳಿಯದೆ.

ಮರುದಿನ ನಸುಕಿನಲ್ಲಿ ಅವನು ಬಚ್ಚಲ ಬಾಗಿಲಿನ ಸ್ವಿಚ್ಚನ್ನು ಮುಟ್ಟದೆ ಒಳಗೆ ಹೋಗಿ ಕೂಗಿದ: "ಏ, ಲೈಟ ಹಚ್ಚ!"

ಅಡುಗೆಮನೆಯಿಂದ ಉತ್ತರ, ಯಾವ ಸ್ವಿಚ್ಚನ್ನೂ ಮುಟ್ಟದೆ, ಕೂತಲ್ಲಿಂದಲೇ: "ಹಚ್ಚೇನ್ರಿ! ನಿಮ್ಮ ಗೆಳ್ಯಾಗ ಬೈರಿ!"

ಬಾಳಗೊಂಡ ಗೆಳೆಯನನ್ನು ಬಾಯ್ತುಂಬ ಬೈಯುತ್ತ ಕತ್ತಲಲ್ಲೇ ಸ್ನಾನ ಮುಗಿಸಿದ. ಮೈಗೆ ಹಚ್ಚಿಕೊಂಡದ್ದು ಬಟ್ಟೆ ಒಗೆಯುವ ಸೋಪೆಂದು ಗೊತ್ತಾದದ್ದು ಹೊರಗೆ ಬಂದ ಮೇಲೆಯೇ.